ಮೀನಿನ ತೊಟ್ಟಿಯ ನೀರು ಮತ್ತು ವಾರಿಂಗ್ಟನ್ ತಂದೆ-ಮಗ



ಹೊಸದಾಗಿ ಗಾಜಿನ ಮೀನುತೊಟ್ಟಿಯನ್ನಿಟ್ಟ ಮನೆಗಳಲ್ಲಿ ಬಹುಮಟ್ಟಿಗೆ ಒಂದೇ ಕಥೆ. ಮೊದಲೆರಡು ದಿನ ಮೀನುಗಳು ಚುರುಕಾಗಿ ಈಜುತ್ತವೆ. ವಾರ ಕಳೆಯುವಷ್ಟರಲ್ಲಿ ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗುತ್ತವೆ. ಬಳಿಕ ಒಂದೊಂದಾಗಿ ಸಾಯುತ್ತವೆ. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಕೆಲವರೂ, ತಮ್ಮ ಕೈಗುಣ ಸರಿಯಿಲ್ಲವೆಂದು ಕೆಲವರೂ ಸಮಾಧಾನ ಮಾಡಿಕೊಳ್ಳುತ್ತಾರೆ. ತಿಳಿನೀರಿನಲ್ಲಿ ವಿಷವೆಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಉತ್ತರದ ಎರಡು ತುಂಡುಗಳು ಒಂದೇ ಮನೆಯ ತಂದೆ-ಮಕ್ಕಳ ಕೈಯಲ್ಲಿದ್ದುವೆಂಬುದು ಇತಿಹಾಸದ ಸ್ವಾರಸ್ಯ.

ತಂದೆ ರಾಬರ್ಟ್ ವಾರಿಂಗ್ಟನ್ (1807–1867) ಲಂಡನ್ನಿನ ಅಪಾಥೆಕರೀಸ್ ಹಾಲ್‌ನಲ್ಲಿ, ಅಂದರೆ ಔಷಧ ತಯಾರಕರ ಸಂಘದಲ್ಲಿ, ರಸಾಯನಜ್ಞರಾಗಿದ್ದರು. ದೊಡ್ಡದೊಂದು ಗಾಜಿನ ಪಾತ್ರೆಯ ತಳದಲ್ಲಿ ಮರಳು, ಕೆಸರು ಹರಡಿ, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಗೋಲ್ಡ್ ಫಿಶ್‌ಗಳನ್ನು ಬಿಟ್ಟರು. ಕೊಳೆತ ಎಲೆಗಳಿಂದ ನೀರು ಕದಡಿತು. ಆಗ ಕೆಲವು ಬಸವನಹುಳುಗಳನ್ನು ಸೇರಿಸಿದರು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು. ನೀರು ಬದಲಿಸದೆಯೇ ಮೀನು ಬಾಳಿದ ಈ ಪ್ರಯೋಗವನ್ನು ಅವರು 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ವಿವರಿಸಿದರು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುತ್ತದೆ, ಗಿಡ ಕೊಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ ಎಂಬುದು ಅವರ ವಿವರಣೆ. ಮೂರೇ ವರ್ಷಗಳಲ್ಲಿ, 1853ರಲ್ಲಿ, ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು.

ಈ ವಿವರಣೆ ನಿಜ. ಆದರೆ ಅರ್ಧ ನಿಜ. ಮೀನು ಇಂಗಾಲಾಮ್ಲವನ್ನಷ್ಟೇ ಅಲ್ಲ, ಕಿವಿರುಗಳ ಮೂಲಕ ಅಮೋನಿಯವನ್ನೂ ಹೊರಬಿಡುತ್ತದೆ. ಬಣ್ಣವಿಲ್ಲದ ಆ ಅಮೋನಿಯ ನೀರಿನಲ್ಲಿ ಹೆಚ್ಚಿದರೆ ಅದೇ ಕಿವಿರುಗಳನ್ನು ಸುಡುತ್ತದೆ. ಅದನ್ನು ತೆಗೆಯುವವರು ಯಾರು?

ಇದರ ಸುಳಿವು ಸಿಕ್ಕಿದ್ದು ಮೀನಿನ ತೊಟ್ಟಿಯಲ್ಲಿ ಅಲ್ಲ, ಚರಂಡಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲುಗಳನ್ನು ತುಂಬಿದ ಗಾಜಿನ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದ ಪ್ರಯೋಗವನ್ನು ಪ್ರಕಟಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಹೊರಬಂದ ನೀರಿನಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಅಮೋನಿಯ ಇಳಿಯುತ್ತ ಹೋಗಿ ಕೊನೆಗೆ ಇಲ್ಲವಾಯಿತು. ಕ್ಲೋರೋಫಾರ್ಮ್ ಆವಿಯನ್ನು ಹಾಯಿಸಿದೊಡನೆ ಕೆಲಸ ನಿಂತಿತು. ಸ್ವಲ್ಪ ತೋಟದ ಮಣ್ಣನ್ನು ಕದಡಿದ ನೀರನ್ನು ಸುರಿದಾಗ ಮತ್ತೆ ಆರಂಭವಾಯಿತು. ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿಗಂಟಿದ ಜೀವ. ಆ ಇಪ್ಪತ್ತು ದಿನಗಳ ಮೌನವೇ ಇಂದು ಹವ್ಯಾಸಿಗಳು ತೊಟ್ಟಿಯನ್ನು 'ಸೈಕಲ್' ಮಾಡುವುದೆನ್ನುವ ಕಾಯುವಿಕೆ.

ಮಗ ರಾಬರ್ಟ್ ವಾರಿಂಗ್ಟನ್ (1838–1907) ಆಗ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬೇಸಾಯದ ಮಣ್ಣನ್ನು ಅಭ್ಯಸಿಸುತ್ತಿದ್ದರು. ತಂದೆ ತೀರಿ ಹತ್ತು ವರ್ಷವಾಗಿತ್ತು. ಮಗ ವರ್ಷಗಟ್ಟಲೆ ಪ್ರಯೋಗ ನಡೆಸಿ, ಅಮೋನಿಯ ಮೊದಲು ನೈಟ್ರೈಟ್ ಆಗುತ್ತದೆ, ಅನಂತರ ಬೇರೆ ಜೀವಿಯಿಂದ ನೈಟ್ರೇಟ್ ಆಗುತ್ತದೆ ಎಂದು ತೋರಿಸಿದರು. ಆದರೆ ಆ ಜೀವಿಗಳನ್ನು ಬೇರ್ಪಡಿಸಲು ಅವರಿಂದಾಗಲಿಲ್ಲ. 1890ರಲ್ಲಿ ಜೂರಿಚ್‌ನಲ್ಲಿದ್ದ ರಷ್ಯದ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು. ಆ ಜೀವಿಗಳಿಗೆ ಮಾಂಸರಸ, ಜೆಲಟಿನ್ ಬೇಡ. ಬರಿಯ ಲವಣಗಳ ನೀರು ಸಾಕೆಂಬುದನ್ನು ಅವರು ಅರಿತಿದ್ದರು. ಮುಂದೆಯೂ ತಿದ್ದುಪಡಿಗಳಾದವು. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹಂತದ ಕೆಲಸ ನೈಟ್ರೋಸ್ಪೈರ ಕುಲದ್ದೆಂದು 1998ರಲ್ಲಿ ತಿಳಿಯಿತು. ಆ ಕುಲದ ಕೆಲವು ಜೀವಿಗಳು ಎರಡು ಹಂತಗಳನ್ನೂ ತಾವೇ ಮುಗಿಸುತ್ತವೆಂದು 2015ರಲ್ಲಿ ಗೊತ್ತಾಯಿತು.

ಕಣ್ಣಿಗೆ ಕಾಣದ ಈ ವ್ಯವಹಾರವನ್ನು ಬಣ್ಣದಲ್ಲಿ ತೋರಿಸುವುದೇ ನೀರಿನ ಪರೀಕ್ಷೆ. ಜರ್ಮನಿಯ ನೆಸ್ಲರ್ 1856ರಲ್ಲಿ ಅಮೋನಿಯಕ್ಕೆ ಹಳದಿಯಾಗುವ ದ್ರಾವಣವನ್ನು ಕೊಟ್ಟರು. ಅದರಲ್ಲಿ ಪಾದರಸವಿರುವುದರಿಂದ ಈಗಿನ ಮನೆಬಳಕೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಹಸಿರು ಬಣ್ಣ ಕೊಡುವ ಸ್ಯಾಲಿಸಿಲೇಟ್ ಇರುತ್ತದೆ. ನೈಟ್ರೈಟಿಗೆ ಗುಲಾಬಿ ಬಣ್ಣ ತಳೆಯುವ ಪರೀಕ್ಷೆ 1879ರದು. ಅದನ್ನು ಕಂಡುಹಿಡಿದ ಗ್ರೀಸ್ ಇಂಗ್ಲೆಂಡಿನ ಬಿಯರ್ ಕಾರ್ಖಾನೆಯೊಂದರ ರಸಾಯನಜ್ಞ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳಿಗಾಗಿ ತೊಟ್ಟಿಯನ್ನಿಟ್ಟಾಗ, ಮೀನು ತರುವ ಮೊದಲೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕುವಂತೆ ಹೇಳಿದೆ. ಕ್ಲೋರಿನ್ ಈ ಜೀವಿಗಳನ್ನೂ ಕೊಲ್ಲುವುದರಿಂದ ನಲ್ಲಿನೀರಿನ ಕ್ಲೋರಿನ್ ಕಳೆಯಲೂ ಹೇಳಿದ್ದೆ. "ಮೀನೇ ಇಲ್ಲವಲ್ಲ, ಯಾರಿಗೆ ಊಟ ಹಾಕುವುದು, ಮೇಷ್ಟ್ರಜ್ಜ?" ಎಂದು ಆ ಹುಡುಗಿ ಫೋನಿನಲ್ಲಿ ಕೇಳಿದಳು. "ಕಾಣದವರಿಗೆ" ಎಂದೆ. ಅವಳು ಪುಸ್ತಕದಲ್ಲಿ ದಿನಾಂಕ ಹಾಕಿ ಮೂರು ಪ್ರನಾಳಗಳ ಬಣ್ಣಗಳನ್ನು ಬರೆದಿಟ್ಟಳು. ಮೊದಲು ಅಮೋನಿಯದ ಹಸಿರು ಗಾಢವಾಯಿತು. ಮೂರನೆಯ ವಾರ ಅದು ತಗ್ಗಿ, ನೈಟ್ರೈಟಿನ ಗುಲಾಬಿ ಏರಿತು. ಅಮೋನಿಯ ಹೋಯಿತು, ಇನ್ನು ಮೀನು ತರೋಣವೆಂದು ಹಟ ಹಿಡಿದಳು. ನೈಟ್ರೈಟ್ ರಕ್ತವನ್ನು ಕಂದಾಗಿಸಿ, ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ ಎಂದು ತಿಳಿಹೇಳಬೇಕಾಯಿತು. ಆರನೆಯ ವಾರದ ಹೊತ್ತಿಗೆ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿಯಿತು. ಅಷ್ಟಿಷ್ಟು ನೈಟ್ರೇಟನ್ನು ಮೀನು ತಾಳಿಕೊಳ್ಳುತ್ತದೆ. ಗಿಡ ಹೀರಿಕೊಂಡು ಉಳಿದುದು ವಾರಕ್ಕೊಮ್ಮೆ ಒಂದಂಶ ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಎರಡೇ ಮೀನುಗಳಿಂದ ಆರಂಭಿಸಿದರು.

ತಂದೆ ವಾರಿಂಗ್ಟನ್ ಹರಡಿದ ಮರಳು, ಕೆಸರುಗಳಲ್ಲಿ ಈ ಜೀವಿಗಳು ಮೊದಲಿನಿಂದಲೂ ದುಡಿಯುತ್ತಿದ್ದಿರಬೇಕು. ಗಿಡ, ಮೀನು, ಬಸವನಹುಳುಗಳಿಗೆ ಅವರು ಲೆಕ್ಕ ಕೊಟ್ಟರು. ಕೆಸರಿನ ಲೆಕ್ಕವನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದರು. ಶಿಷ್ಯರೇ, ನಿಮ್ಮ ಮಕ್ಕಳು ತೊಟ್ಟಿ ಬೇಕೆಂದು ಕೇಳಿದರೆ ಬೇಡವೆನ್ನಬೇಡಿ. ಮೀನಿಗಿಂತ ಮೊದಲು ಪರೀಕ್ಷೆಯ ಪೆಟ್ಟಿಗೆಯನ್ನೂ ಒಂದು ನೋಟ್‌ಪುಸ್ತಕವನ್ನೂ ಕೊಡಿಸಿ. ತಿಳಿಯಾಗಿ ಕಾಣುವುದೆಲ್ಲ ಶುದ್ಧವಲ್ಲವೆಂಬುದನ್ನು ಆರು ವಾರಗಳಲ್ಲಿ ಅವರೇ ಕಲಿಯುತ್ತಾರೆ, ಅದೂ ಒಂದು ಮೀನನ್ನೂ ಬಲಿಗೊಡದೆ.