ಹಳೆ ಗಾಡಿಗೆ ಹೊಸ ಎಂಜಿನ್

ಪಿಕಪ್ ಗಾಡಿ ಮೊದಲು ಹುಟ್ಟಿದ್ದು ರೈತರ ಹಿತ್ತಿಲಿನಲ್ಲಿ ಎಂದರೆ ನಂಬುತ್ತೀರಾ? ಅಮೆರಿಕದಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರು 1908ರಲ್ಲಿ ಬಂತು. ಕೊಂಡ ರೈತರು ಸುಮ್ಮನಿರಲಿಲ್ಲ. ಕಾರಿನ ಹಿಂಭಾಗ ಕತ್ತರಿಸಿ, ಅಲ್ಲೊಂದು ಮರದ ಪೆಟ್ಟಿಗೆ ಕೂರಿಸಿ, ಹಾಲಿನ ಕ್ಯಾನು, ಕಾಳಿನ ಮೂಟೆ ಎಲ್ಲವನ್ನೂ ಅದರಲ್ಲೇ ಸಾಗಿಸಿದರು. 1925ರಲ್ಲಿ ಫೋರ್ಡ್ ತಾನೇ ಅಂಥ ಗಾಡಿ ಮಾಡಿ 281 ಡಾಲರಿಗೆ ಮಾರಿತು.

ಅಪ್ಪಂದಿರು ಮೂಟೆಗಾಗಿ ಕಾರು ಕತ್ತರಿಸಿದರೆ, ಮಕ್ಕಳು ವೇಗಕ್ಕಾಗಿ ಕತ್ತರಿಸಿದರು. ಅದು 1930ರ ದಶಕ, ಕೆಲಸವಿಲ್ಲದ ಕಷ್ಟಕಾಲ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯಿಂದ ಹಳೆ ಫೋರ್ಡುಗಳನ್ನು ತಂದು, ಮಡ್‌ಗಾರ್ಡು, ಬಾನೆಟ್ಟು ಕಳಚಿ ಭಾರ ಇಳಿಸಿದರು. ಮಾಡೆಲ್ ಟಿ ಎಂಜಿನ್ನಿಗಿದ್ದದ್ದು 20 ಕುದುರೆಗಳ ಶಕ್ತಿ. 1932ರಲ್ಲಿ ಫೋರ್ಡ್ ತಂದ ಎಂಟು ಸಿಲಿಂಡರಿನ ‘ವಿ-8’ ಎಂಜಿನ್ನಿಗೆ 65. ಜಖಂ ಆದ ಕಾರಿನಿಂದ ಅದನ್ನು ಬಿಚ್ಚಿ ತಂದು ಹಳೆಯ ಗಾಡಿಗೆ ಕೂರಿಸುತ್ತಿದ್ದರು. ಮೊಜಾವೆ ಮರುಭೂಮಿಯ ಮ್ಯೂರಾಕ್ ಎಂಬ ಒಣಗಿದ ಕೆರೆಯಂಗಳ ಅವರ ಓಟದ ಬಯಲು. ಇಂದು ಅಲ್ಲಿ ವಾಯುಪಡೆಯ ನೆಲೆಯಿದೆ. 1937ರಲ್ಲಿ ಕ್ಲಬ್ಬುಗಳು ಒಟ್ಟುಗೂಡಿ ಸಂಘ ಕಟ್ಟಿಕೊಂಡು ನಿಯಮ ಮಾಡಿಕೊಂಡವು. ಇಂಥ ಗಾಡಿಗಳಿಗೆ ಮುಂದೆ ‘ಹಾಟ್ ರಾಡ್’ ಎಂಬ ಹೆಸರು ನಿಂತಿತು. 1948ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು.

ಇದೆಲ್ಲ ಗಂಡಸರ ಆಟ ಎಂದುಕೊಳ್ಳಬೇಡಿ. ವೇಡಾ ಆರ್ ಎಂಬ ಮಹಿಳೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಆ ಒಣಕೆರೆಗಳಲ್ಲಿ ಸ್ಪರ್ಧೆಗಿಳಿದಿದ್ದರು. ಹುಡುಗರೆಲ್ಲ ಯುದ್ಧಕ್ಕೆ ಹೊರಟುಹೋದಾಗ ಸುದ್ದಿಪತ್ರವೊಂದನ್ನು ನಡೆಸಿ, ದೂರದಲ್ಲಿದ್ದ ಸೈನಿಕರಿಗೆ ಕಳುಹಿಸಿಕೊಟ್ಟರು. ಚದುರಿಹೋದ ಗೆಳೆಯರ ನಡುವಿನ ನಂಟು ಕಡಿಯದಂತೆ ನೋಡಿಕೊಂಡದ್ದು ಆ ಕಾಗದಗಳೇ.

ಈ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಿದ್ದು 2011ರಲ್ಲಿ, ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಸನ್ನಿವೇಲಿಗೆ ಹೋಗಿದ್ದಾಗ. ಪಕ್ಕದ ಮನೆಯವರು ಎಪ್ಪತ್ತು ವರ್ಷದ ಹೆಂಗಸು. ಅವರ ಗ್ಯಾರೇಜಿನಲ್ಲಿ 1950ರ ಷೆವರ್ಲೆ ಪಿಕಪ್ ಇತ್ತು. ಅವರ ತಂದೆ ಏಪ್ರಿಕಾಟ್ ತೋಟದ ಕೆಲಸಕ್ಕೆಂದು ಹೊಸದಾಗಿ ಕೊಂಡದ್ದು. ಈಗ ಕಂಪ್ಯೂಟರ್ ಕಂಪನಿಗಳಿಂದ ತುಂಬಿರುವ ಆ ಕಣಿವೆ ಆಗ ಹಣ್ಣಿನ ತೋಟಗಳ ನಾಡು. ತೋಟ ಹೋಯಿತು, ತಂದೆ ಹೋದರು, ಗಾಡಿ ಉಳಿಯಿತು.

ಅದರ ಆರು ಸಿಲಿಂಡರಿನ ಎಂಜಿನ್ ಇಂದಿನ ಹೆದ್ದಾರಿಯಲ್ಲಿ ಏದುಸಿರು ಬಿಡುತ್ತಿತ್ತಂತೆ, ಬ್ರೇಕೂ ನಂಬುವಂತಿರಲಿಲ್ಲ. ಅವರು ತುಕ್ಕು ಕೆರೆಸಿ, ತಗಡು ಬಡಿಸಿ, ಷೆವರ್ಲೆಯದೇ ವಿ-8 ಎಂಜಿನ್ ಹಾಕಿಸಿ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಕೂರಿಸಿ, ಗಾಡಿಯ ಎತ್ತರ ತಗ್ಗಿಸಿ, ಕೆಂಪು ಬಣ್ಣ ಹೊಡೆಸಿದ್ದರು. ಷೆವರ್ಲೆ ಆ ಜಾತಿಯ ವಿ-8 ತಂದದ್ದು 1955ರಲ್ಲಿ. ಹಗುರ, ಅಗ್ಗ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತಿತ್ತು. ಹಾಟ್ ರಾಡಿನ ಲೋಕದಲ್ಲಿ ಫೋರ್ಡಿನ ಹಳೆಯ ಎಂಜಿನ್ನನ್ನು ಹಿಂದಕ್ಕೆ ತಳ್ಳಿದ್ದೇ ಅದು.

ಅವರ ತಮ್ಮನಿಗೆ ಇದು ಹಿಡಿಸಲಿಲ್ಲ. ‘ಅಪ್ಪ ಬಂದರು ಎಂದು ಆ ಎಂಜಿನ್ನಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ನೀನು ಆ ಸದ್ದನ್ನೇ ತೆಗೆಸಿಬಿಟ್ಟೆ’ ಎಂದನಂತೆ. ಕ್ರಿಸ್‌ಮಸ್ಸಿಗೆ ಬಂದಾಗ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ, ಹತ್ತುವುದಿಲ್ಲ. ಅಕ್ಕನ ಮಾತೇ ಬೇರೆ: ‘ನಾನು ಡ್ರೈವಿಂಗ್ ಕಲಿತದ್ದು ಈ ಗಾಡಿಯಲ್ಲಿ. ಇದನ್ನು ನೋಡುತ್ತ ಕೂರಲಾರೆ, ಓಡಿಸಬೇಕು.’ ಹಾಗೆಂದು ತೆಗೆದ ಎಂಜಿನ್ನನ್ನು ಅವರು ಮಾರಿರಲಿಲ್ಲ. ಅದು ಮೂಲೆಯಲ್ಲಿ ಹಳೆ ಬೆಡ್‌ಶೀಟು ಹೊದ್ದು ಕೂತಿತ್ತು. ಗಾಡಿಯ ಹಿಂಭಾಗದ ಮರದ ಹಲಗೆಗಳೂ ಹಳೆಯವೇ. ಹಣ್ಣಿನ ರಸದ ಕಲೆಗಳು ಹಾಗೆಯೇ ಇದ್ದವು.

ಇಬ್ಬರಲ್ಲಿ ಯಾರು ಸರಿ? ನಮ್ಮಲ್ಲಿ ಅಜ್ಜಿಯ ಸೀರೆ ಸವೆದರೆ ಕೌದಿ ಹೊಲಿಯುತ್ತೇವೆ. ಸೀರೆ ಹೋಯಿತೆಂದು ಯಾರೂ ಅಳುವುದಿಲ್ಲ; ಮರಿಮಗು ಅದನ್ನು ಹೊದ್ದು ಬೆಚ್ಚಗೆ ಮಲಗುತ್ತದೆ. ಆದರೆ ಅದೇ ಅಜ್ಜಿಯ ಧಾರೆ ಸೀರೆಗೆ ಕತ್ತರಿ ಹಾಕಲು ನನ್ನ ಕೈ ಬಾರದು. ಮೊದಲ ಪಿಕಪ್ಪುಗಳೇ ಕತ್ತರಿಸಿದ ಕಾರುಗಳಾದ್ದರಿಂದ ಚರಿತ್ರೆ ಅಕ್ಕನ ಕಡೆಗಿದೆ. ತಮ್ಮನ ಕಡೆಗಿರುವುದು ಒಂದು ಸದ್ದು ಮಾತ್ರ. ಅದು ಸಣ್ಣದೆಂದು ಹೇಳುವ ಧೈರ್ಯ ನನಗಿಲ್ಲ. ಹಳೆ ಎಂಜಿನ್ನಿಗೆ ಬೆಡ್‌ಶೀಟು ಹೊದಿಸಿಟ್ಟ ಅಕ್ಕನಿಗೂ ಇದು ಗೊತ್ತಿರಬೇಕು.

ತವರಿನಿಂದ ಬಂದ ವಸ್ತುವನ್ನು ಬಳಸಲೂಬೇಕು, ಉಳಿಸಲೂಬೇಕು ಎಂದು ಒದ್ದಾಡುವವರಿಗೆ ನನಗೆ ತೋಚುವುದಿಷ್ಟೆ: ಬೇಕಾದ್ದನ್ನು ಬದಲಿಸಿಕೊಳ್ಳಿ. ತೆಗೆದದ್ದನ್ನು ಮಾತ್ರ ಅವಸರದಲ್ಲಿ ಗುಜರಿಯವನಿಗೆ ಹಾಕಬೇಡಿ. ನಿಮಗೆ ಬೇಡವಾದ ಆ ಭಾಗದಲ್ಲೇ ನಿಮ್ಮ ಒಡಹುಟ್ಟಿದವರೊಬ್ಬರ ಅಪ್ಪ ಇದ್ದಾರು.