ಬಂಡಾಯ

ಬೈಲಹೊಂಗಲ, ಕಿತ್ತೂರಿನ ಕಡೆ ಈ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಮೂಲ 'ಬಂಡು', ಮರಾಠಿಯಲ್ಲಿ 'ಬಂಡ'. ಬಂಡೆದ್ದವನು ಬಂಡುಕೋರ. ಆ 'ಕೋರ' ಫಾರಸಿಯ 'ಖೋರ್', ಅಂದರೆ ತಿನ್ನುವವನು. ಲಂಚಕೋರ ತಿನ್ನುವುದೇನೋ ಗೊತ್ತು. ಪಾಪ, ಬಂಡುಕೋರ ತಿಂದದ್ದು ಏಟೇ ಹೆಚ್ಚು.

1824ರಲ್ಲಿ ಕಿತ್ತೂರು ಸಂಸ್ಥಾನದ ಉತ್ತರಾಧಿಕಾರಿಯ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಅವನೇ ಕಿತ್ತೂರು ಕೋಟೆಯ ಮುಂದೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಈಸ್ಟ್ ಇಂಡಿಯಾ ಕಂಪನಿಗೆ ಅದು ಬಂಡಾಯ, ಊರವರಿಗೆ ಯುದ್ಧ. ಪದ ಮೊದಲು ಬೈಗುಳವೇ ಆಗಿತ್ತು ಅನ್ನಿ.

ಅದನ್ನು ಹೆಮ್ಮೆಯಿಂದ ಹೊತ್ತವರು ರೈತರು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಯಿತು. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಬಂತು. ರೈತರು ವಿರೋಧಿಸಿದರು; 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಆ ಹೋರಾಟವನ್ನು ಯಾರೂ ಮುಷ್ಕರ ಎನ್ನುವುದಿಲ್ಲ, ದಂಗೆ ಎನ್ನುವುದೂ ಕಡಿಮೆ. ಅದು 'ರೈತ ಬಂಡಾಯ'. ಮುಷ್ಕರ ಕೆಲಸ ನಿಲ್ಲಿಸುತ್ತದೆ, ದಂಗೆ ಒಂದು ದಿನ ಉರಿಯುತ್ತದೆ, ಬಂಡಾಯ ಅಧಿಕಾರವನ್ನೇ ಪ್ರಶ್ನಿಸುತ್ತದೆ. ಅದೇ ಹೊತ್ತಿಗೆ ಕನ್ನಡದ ಒಂದು ಸಾಹಿತ್ಯ ಚಳವಳಿಯೂ ಈ ಹೆಸರನ್ನು ಇಟ್ಟುಕೊಂಡಿತ್ತು.

ಈಗ ಪತ್ರಿಕೆಯಲ್ಲಿ ಪದ ಕಾಣುವುದು ಚುನಾವಣೆ ಬಂದಾಗ: ಟಿಕೆಟ್ ತಪ್ಪಿದವನು 'ಬಂಡಾಯ ಅಭ್ಯರ್ಥಿ'. ನಾಮಪತ್ರ ಹಿಂಪಡೆಯುವ ಕೊನೆಯ ದಿನದವರೆಗೆ.