ಕಲ್ಲಚ್ಚಿನಲ್ಲಿ ಕಂಡ ನದಿ

ನನ್ನ ಓದುವ ಕೋಣೆಯ ಗೋಡೆಯ ಮೇಲೆ ಬಹಳ ವರ್ಷಗಳಿಂದ ಒಂದು ಚಿತ್ರದ ಪ್ರತಿಯಿದೆ. ಇರುಳಿಳಿದ ನದಿ; ಆಚೆಯ ದಡದಲ್ಲಿ ಮಂಜಿನಲ್ಲಿ ಮಸುಕಾದ ಕಟ್ಟಡಗಳು; ನೀರಿನಲ್ಲಿ ಅವುಗಳ ನೆರಳು. ಬಂದವರೆಲ್ಲ ನೋಡಿ, 'ಎಂಥ ಪ್ರಶಾಂತತೆ!' ಎನ್ನುತ್ತಾರೆ. ನಿಸರ್ಗ ಕವಿತೆಯ ಪಾಠ ಹೇಳುವಾಗ ನಾನೂ ಇದನ್ನು ತರಗತಿಗೆ ಒಯ್ದು, ಮನುಷ್ಯನ ಗದ್ದಲ ಸೋಕದ ನದಿಯೆಂದು ವಿದ್ಯಾರ್ಥಿಗಳಿಗೆ ತೋರಿಸಿದ್ದುಂಟು. ಆ ಮಾತು ತಪ್ಪೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಜೇಮ್ಸ್ ವಿಸ್ಲರ್ 1878ರಲ್ಲಿ ರಚಿಸಿದ 'ನಾಕ್ಟರ್ನ್' ಇದು. ನದಿ ಥೇಮ್ಸ್, ಆಚೆಯ ದಡ ಬ್ಯಾಟರ್‌ಸೀ. ಮಂಜಿನಲ್ಲಿ ನಿಂತಿರುವುದು ದೇಗುಲಗಳಲ್ಲ, ಕಾರ್ಖಾನೆಗಳು. ಆ ಮಂಜಿನಲ್ಲಾದರೂ ಲಂಡನ್ನಿನ ಕಲ್ಲಿದ್ದಲ ಹೊಗೆ ಬೆರೆತಿತ್ತು. ಇಪ್ಪತ್ತು ವರ್ಷ ಮೊದಲು, 1858ರ ಬೇಸಗೆಯಲ್ಲಿ, ಇದೇ ನದಿಯ ದುರ್ಗಂಧವನ್ನು ತಾಳಲಾರದೆ ಪಾರ್ಲಿಮೆಂಟು ನಗರದ ಒಳಚರಂಡಿಗಳಿಗೆ ಅವಸರದಿಂದ ಒಪ್ಪಿಗೆ ಕೊಟ್ಟಿತ್ತು.

ವಿಸ್ಲರನಿಗೆ ಇದು ತಿಳಿಯದ ಸಂಗತಿಯಲ್ಲ. 1863ರಿಂದ ಆತ ಈಚೆಯ ದಡದ ಚೆಲ್ಸೀಯಲ್ಲಿದ್ದವನು. ಸಂಜೆಯ ಮಂಜು ಕವಿದಾಗ ಹೊಗೆಗೊಳವೆಗಳು ಗೋಪುರಗಳಾಗಿ ತೋರುವ ಬಗೆಯನ್ನು 1885ರ ಉಪನ್ಯಾಸದಲ್ಲಿ ಆತನೇ ಹೇಳಿದ್ದಾನೆ. ನೋಡಿಯೂ ಕಾಣದೆ ಹೋದವನು ನಾನು.

ಚಿತ್ರ ಅಚ್ಚಾದ ರೀತಿಯೂ ಗಮನಾರ್ಹ. ಜಿಡ್ಡಿಗೂ ನೀರಿಗೂ ಹೊಂದದು ಎಂಬುದೇ ಕಲ್ಲಚ್ಚಿನ ಮೂಲತತ್ತ್ವ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ, ಬರೆದೆಡೆಯಲ್ಲಿ ಮಾತ್ರ ಅದು ಹತ್ತುತ್ತದೆ. ವಿಸ್ಲರ್ ಆ ಮಸಿಯನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಹರಡಿದ. ಬೆಳಕು ಬೇಕಾದೆಡೆ ಕೆರೆದು ತೆಗೆದ. ಮುದ್ರಕ ಥಾಮಸ್ ವೇ ಆತನಿಗೆ ಈ ವಿದ್ಯೆಯಲ್ಲಿ ನೆರವಾದವನು.

ಕನ್ನಡಿಗರಿಗೆ ಈ ವಿದ್ಯೆ ಅಪರಿಚಿತವಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', ನಮ್ಮ ಮೊದಲ ವೃತ್ತಪತ್ರಿಕೆ, ಅಚ್ಚಾದದ್ದೂ ಕಲ್ಲಿನಲ್ಲಿಯೇ. ಆ ಪತ್ರಿಕೆಯನ್ನು ಚರಿತ್ರೆಯ ದಾಖಲೆಯೆಂದು ಸಾಲುಸಾಲಾಗಿ ಓದುವ ನಾವು, ಅದೇ ವಿಧಾನದಲ್ಲಿ ಅಚ್ಚಾದ ಚಿತ್ರವನ್ನು ಮಾತ್ರ ಅಲಂಕಾರವೆಂದು ಗೋಡೆಗೆ ಹಾಕಿಬಿಡುತ್ತೇವೆ.

ಈ ಚಿತ್ರದ ಮೌನ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿರ್ಜನತೆಯ ಮೌನವಲ್ಲ, ಹಗಲಿನ ದುಡಿಮೆ ಮುಗಿದ ಮೇಲಿನ ಮೌನ. ಆ ದುಡಿದವರನ್ನು ಮರೆತು ನದಿಯನ್ನು ಹೊಗಳಿದ ನನ್ನ ಪಾಠ ಅರೆಪಾಠವೇ ಆಗಿತ್ತು. ಅಂದು ಕೇಳಿದ ವಿದ್ಯಾರ್ಥಿಗಳಲ್ಲಿ ಯಾರಾದರೂ ಇಂದು ಕೇಳುತ್ತಿದ್ದರೆ, ಉಳಿದರ್ಧವನ್ನು ಈಗ ಸೇರಿಸಿಕೊಳ್ಳಲಿ.